ಹೆಸರಲ್ಲ, ಆಟ ನೋಡಿ

2025ರ ಡಿಸೆಂಬರ್ 14, ಭಾನುವಾರ ಬೆಳಿಗ್ಗೆ. ದೊಡ್ಡಮ್ಮನ ಮಗಳು ಅಮೆರಿಕದಿಂದ ವಿಡಿಯೊ ಕಾಲ್ ಮಾಡಿದಳು. ಅವಳು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅಲ್ಲಿನ್ನೂ ಶನಿವಾರ ರಾತ್ರಿ. ಹಿಂದೆ ಒಂದೇ ಸಮನೆ ಕೂಗಾಟ. ‘ಏನಕ್ಕಾ ಗಲಾಟೆ?’ ಎಂದೆ. ‘ನಮ್ಮ ಯೂನಿವರ್ಸಿಟಿ ಹುಡುಗನಿಗೆ ಹೈಸ್‌ಮನ್ ಬಂತು ಕಣೋ’ ಎಂದು ಅವಳೂ ಕೂಗಿದಳು.

ನನಗೆ ಸಂಭ್ರಮಿಸುವ ಮನಸ್ಸಿರಲಿಲ್ಲ. ಹಿಂದಿನ ದಿನವಷ್ಟೇ ಒಂದು ಕಂಪನಿಯ ಇಂಟರ್ನ್‌ಶಿಪ್‌ಗೆ ಅರ್ಜಿ ತುಂಬಿದ್ದೆ. ಕಾಲೇಜು ಆರಿಸುವ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಹೆಸರೇ ಇರಲಿಲ್ಲ. ‘ಇತರೆ’ ಒತ್ತಿದೆ. ಬೋರ್‌ವೆಲ್‌ನಲ್ಲಿ ನೀರು ನಿಂತರೆ ಮೋಟಾರ್ ತಾನಾಗಿಯೇ ಆಫ್ ಆಗುವ ನನ್ನ ಪ್ರಾಜೆಕ್ಟ್‌ನ ವಿಡಿಯೊ ಲಿಂಕ್ ಹಾಕಿ ಕಳಿಸಿದೆ. ಹತ್ತೇ ನಿಮಿಷದಲ್ಲಿ ‘ಕ್ಷಮಿಸಿ’ ಎಂಬ ಮೇಲ್ ಬಂತು. ಆ ವಿಡಿಯೊ ಇರುವುದೇ ಹನ್ನೆರಡು ನಿಮಿಷ!

ಅಕ್ಕನ ಹತ್ತಿರ ಹೇಳಿಕೊಂಡೆ. ‘ಮೊದಲು ಈ ಹುಡುಗನ ಕಥೆ ಓದು’ ಎಂದಳು. ಓದಿದೆ. ಅವನ ಕೋಚ್‌ನ ಕಥೆಯನ್ನೂ ಓದಿದೆ. ಕೆಲಸ ಹುಡುಕುವ ನಮಗೂ, ಕೆಲಸ ಕೊಡುವವರಿಗೂ ಅದರಲ್ಲಿ ಪಾಠವಿದೆ ಎನ್ನಿಸಿತು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ನೋಡುವ ಆಟವಲ್ಲ. ಚೆಂಡು ಮೊಟ್ಟೆಯಾಕಾರದ್ದು, ಹೆಚ್ಚಿನ ಆಟವೆಲ್ಲ ಕೈಯಲ್ಲೇ. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ನಮ್ಮ ಐಪಿಎಲ್‌ನಷ್ಟೇ ಹುಚ್ಚು. ಕಾಲೇಜು ಆಟಗಾರರಲ್ಲಿ ವರ್ಷದ ಶ್ರೇಷ್ಠ ಎನ್ನಿಸಿಕೊಂಡವನಿಗೆ 1935ರಿಂದ ಕೊಡುತ್ತಿರುವ ಪ್ರಶಸ್ತಿಯೇ ಹೈಸ್‌ಮನ್. ಮುಖ್ಯವಾಗಿ ಕ್ರೀಡಾ ಪತ್ರಕರ್ತರು ಮತ್ತು ಹಿಂದಿನ ವಿಜೇತರು ಮತ ಹಾಕಿ ಆರಿಸುತ್ತಾರೆ.

ಈ ಸಲ ಗೆದ್ದ ಫರ್ನಾಂಡೊ ಮೆಂಡೋಜಾ ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಕೈಗೆ ಬಂದ ಎರಡು ಮೂರು ಸೆಕೆಂಡಿನಲ್ಲಿ ಅದನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು. ಅಲ್ಲಿ ಹೈಸ್ಕೂಲ್ ಆಟಗಾರರಿಗೆ ಐದರವರೆಗೆ ನಕ್ಷತ್ರ ಕೊಟ್ಟು ಅಳೆಯುವ ಪದ್ಧತಿಯಿದೆ. ನಮ್ಮ ಸಿಇಟಿ ರ‍್ಯಾಂಕ್ ಇದ್ದಂತೆ ಅನ್ನಿ. ಮೆಂಡೋಜಾಗೆ ಸಿಕ್ಕಿದ್ದು ಎರಡೇ ನಕ್ಷತ್ರ. ಯೇಲ್‌ಗೆ ಸೇರಲು ಒಪ್ಪಿಕೊಂಡಿದ್ದವನಿಗೆ ಕೊನೆ ಗಳಿಗೆಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಜಾಗ ಕೊಟ್ಟಿತು. ಅಲ್ಲಿ ಆಡಿ ತೋರಿಸಿದ, ಬಿಸಿನೆಸ್ ಪದವಿಯನ್ನೂ ಪಡೆದ. 2025ರ ಸೀಸನ್‌ಗೆ ಇಂಡಿಯಾನಾಗೆ ಬಂದ. ಆ ವಿಶ್ವವಿದ್ಯಾಲಯಕ್ಕೆ ಹೈಸ್‌ಮನ್ ಬಂದಿದ್ದು ಇದೇ ಮೊದಲು.

ಇನ್ನು ಇಂಡಿಯಾನಾ ಎಂಥ ತಂಡ? 2021ರಿಂದ 2023ರವರೆಗಿನ ಮೂರು ಸೀಸನ್‌ನಲ್ಲಿ ಆಡಿದ 36 ಪಂದ್ಯಗಳಲ್ಲಿ ಗೆದ್ದಿದ್ದು 9. ಅಂಥ ತಂಡ 2023ರ ನವೆಂಬರ್ ಕೊನೆಯಲ್ಲಿ 62 ವರ್ಷದ ಕರ್ಟ್ ಸಿಗ್ನೆಟ್ಟಿ ಅವರನ್ನು ಕೋಚ್ ಆಗಿ ಕರೆತಂದಿತು. ದೊಡ್ಡ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಆದರೆ 2011ರಿಂದ ಮೂರು ಸಣ್ಣ ತಂಡಗಳನ್ನು ನಡೆಸಿದ್ದರು. ಒಂದು ಸೀಸನ್‌ನಲ್ಲೂ ಗೆಲುವಿಗಿಂತ ಸೋಲು ಹೆಚ್ಚಾಗಿರಲಿಲ್ಲ. ಬಂದ ಹೊಸದರಲ್ಲಿ ಅನುಮಾನಪಟ್ಟವರಿಗೆ ಅವರು ಕೊಟ್ಟ ಉತ್ತರ: ‘ನಾನು ಗೆಲ್ಲುತ್ತೇನೆ. ಗೂಗಲ್ ಮಾಡಿ ನೋಡಿ’.

ಮೊದಲ ವರ್ಷ 13 ಪಂದ್ಯಗಳಲ್ಲಿ 11 ಗೆಲುವು. ಎರಡನೇ ವರ್ಷ 16ಕ್ಕೆ 16. ಈ ಜನವರಿ 19ರಂದು ಮಯಾಮಿ ತಂಡವನ್ನು 27–21ರಿಂದ ಸೋಲಿಸಿ ಇಂಡಿಯಾನಾ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅದೇ 2023ರ ನವೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಹಿಂದೆ ಫ್ಲೋರಿಡಾ ಸ್ಟೇಟ್ ತಂಡವನ್ನು ಚಾಂಪಿಯನ್ ಮಾಡಿದ್ದ ಜಿಂಬೊ ಫಿಶರ್ ಅವರನ್ನು ಟೆಕ್ಸಾಸ್ ಎ ಅಂಡ್ ಎಂ ದೊಡ್ಡ ಮೊತ್ತ ಕೊಟ್ಟು ಕರೆತಂದಿತ್ತು. ಆರು ಸೀಸನ್ ಕಳೆದರೂ ಚಾಂಪಿಯನ್ ಪಟ್ಟ ಬರಲಿಲ್ಲ. ಮನೆಗೆ ಕಳಿಸಲು ಒಪ್ಪಂದದ ಪ್ರಕಾರ ಕೊಡಬೇಕಾಗಿ ಬಂದಿದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಮೀರಿದ್ದು!

ಹಾಗಂತ ದೊಡ್ಡ ಹೆಸರೆಲ್ಲ ಸುಳ್ಳು ಎನ್ನುತ್ತಿಲ್ಲ. ದೊಡ್ಡ ಹೆಸರಿನೊಂದಿಗೇ ಅಲಬಾಮಾಗೆ ಬಂದ ನಿಕ್ ಸೇಬನ್ ಅಲ್ಲಿ ಆರು ಸಲ ಚಾಂಪಿಯನ್ ಆದರು. ಆದರೆ ಹೆಸರು ಎಂಬುದು ಹಿಂದೆಂದೋ ಮಾಡಿದ ಕೆಲಸದ ನೆರಳು. ಕೆಲಸವನ್ನೇ ನೋಡುವ ಅವಕಾಶ ಇರುವಾಗ ನೆರಳನ್ನು ಅಳೆಯುವುದೇಕೆ? ಸಿಗ್ನೆಟ್ಟಿ ಆಟಗಾರರನ್ನು ಆರಿಸುವಾಗಲೂ ಇದೇ ಸೂತ್ರ: ಮುಂದೆ ಏನು ಮಾಡಬಲ್ಲ ಎನ್ನುವುದಕ್ಕಿಂತ ಮೈದಾನದಲ್ಲಿ ಈಗಾಗಲೇ ಏನು ಮಾಡಿದ್ದಾನೆ ಎನ್ನುವುದು ಮುಖ್ಯ.

ಹೈಸ್‌ಮನ್ ಬಗ್ಗೆಯೂ ನನ್ನದೊಂದು ತಕರಾರಿದೆ. ಇತ್ತೀಚಿನ ವರ್ಷಗಳಲ್ಲಿ ಗೆದ್ದವರಲ್ಲಿ ಹೆಚ್ಚಿನವರು ಕ್ವಾರ್ಟರ್‌ಬ್ಯಾಕ್‌ಗಳೇ. ಅವರ ಮುಂದೆ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುವವರಿಗೆ ಈ ಪ್ರಶಸ್ತಿ ಒಮ್ಮೆಯೂ ಬಂದಿಲ್ಲ. ಅವರ ಕೆಲಸಕ್ಕೆ ಅಂಕಿ ಅಂಶವಿಲ್ಲ. ಆಟವನ್ನು ಕೂತು ನೋಡಿದವನಿಗೆ ಮಾತ್ರ ಅದು ಗೊತ್ತಾಗುತ್ತದೆ. ನಮ್ಮ ಪ್ರಾಜೆಕ್ಟ್ ತಂಡದಲ್ಲೂ ರಾತ್ರಿಯಿಡೀ ಸೋಲ್ಡರಿಂಗ್ ಮಾಡಿದ ಗೆಳೆಯ ಒಬ್ಬ, ವೇದಿಕೆಯಲ್ಲಿ ಮಾತಾಡಿ ಚಪ್ಪಾಳೆ ತೆಗೆದುಕೊಂಡವನು ನಾನು.

ಕಂಪನಿಗಳ ಕಷ್ಟವೂ ಅರ್ಥವಾಗುತ್ತದೆ. ಸಾವಿರಾರು ಅರ್ಜಿ ಬಂದರೆ ಎಲ್ಲೋ ಒಂದು ಕಡೆ ಜರಡಿ ಹಿಡಿಯಲೇಬೇಕು. ಆದರೆ ಆ ಜರಡಿ ಕಾಲೇಜಿನ ಹೆಸರೇ ಆಗಬೇಕೆ? ಎಲ್ಲರಿಗೂ ಅರ್ಧ ಗಂಟೆಯ ಒಂದು ಸಣ್ಣ ಕೆಲಸ ಕೊಡಿ. ಚೆನ್ನಾಗಿ ಮಾಡಿದವರ ಪ್ರಾಜೆಕ್ಟ್ ತೆರೆದು ನೋಡಿ. ಆಮೇಲೆ ಬೇಡ ಎಂದರೆ ನಮಗೆ ಬೇಸರವಿಲ್ಲ.

ನಮ್ಮ ಕಡೆಯಿಂದಲೂ ಒಂದು ಮಾತು. ‘ಗೂಗಲ್ ಮಾಡಿ ನೋಡಿ’ ಎನ್ನಬೇಕಾದರೆ ಅಲ್ಲಿ ನೋಡಲು ಏನಾದರೂ ಇರಬೇಕು. ಸಿಗ್ನೆಟ್ಟಿ ಬಲಾಢ್ಯ ಅಲಬಾಮಾದ ಸಹಾಯಕ ಕೋಚ್ ಕೆಲಸ ಬಿಟ್ಟು ಪೆನ್ಸಿಲ್ವೇನಿಯಾದ ಸಣ್ಣ ಕಾಲೇಜಿಗೆ ಹೋದಾಗ ಐವತ್ತರ ಹತ್ತಿರದಲ್ಲಿದ್ದರು. ದೊಡ್ಡ ಮೈದಾನದ ಬದಿಯಲ್ಲಿ ನಿಲ್ಲುವುದಕ್ಕಿಂತ ಸಣ್ಣ ಮೈದಾನದಲ್ಲಿ ಆಡಿಸುವುದು ಮೇಲು ಎಂದುಕೊಂಡಿರಬೇಕು. ನಾವೋ, ಹೆಸರಿರುವ ಕಂಪನಿ ಕರೆಯಲಿಲ್ಲವೆಂದು ಮೂರು ತಿಂಗಳು ಸುಮ್ಮನೆ ಕೂರುತ್ತೇವೆ.

ನಮ್ಮೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಂಪ್‌ಸೆಟ್ ಪ್ಯಾನೆಲ್ ಬೋರ್ಡ್ ಮಾಡುವ ಒಂದು ಶೆಡ್ ಇದೆ. ಮಾಲೀಕರಿಗೆ ನನ್ನ ವಿಡಿಯೊ ತೋರಿಸಿದೆ. ಪೂರ್ತಿ ನೋಡಿದರು. ‘ರಿಲೇ ಯಾಕಪ್ಪಾ ಇಷ್ಟು ಚಿಕ್ಕದು ಹಾಕಿದ್ದೀಯಾ? ಸುಟ್ಟುಹೋಗುತ್ತೆ’ ಎಂದರು. ಈ ರಜೆಯಲ್ಲಿ ಬಂದು ಸರಿಮಾಡು ಎಂದಿದ್ದಾರೆ. ಸಂಬಳ ಬಸ್ ಚಾರ್ಜಿಗೆ ಸಾಕಾದೀತು, ಅಷ್ಟೇ.

ಮುಂದಿನ ಅರ್ಜಿಯಲ್ಲೂ ನಾನು ‘ಇತರೆ’ ಒತ್ತಬೇಕಾದೀತು. ಆದರೆ ಅದರ ಕೆಳಗೆ ಬರೆಯಲು ಒಂದು ಸಾಲು ಹೆಚ್ಚಿರುತ್ತದೆ.