ಹೊನ್ನಾವರದಿಂದ ದುಬೈಗೆ
ಹೊನ್ನಾವರ, ಭಟ್ಕಳ, ಕುಮಟೆಗಳಿಂದ ಜೀವನೋಪಾಯಕ್ಕಾಗಿ ಕೊಲ್ಲಿಯ ನಾಡುಗಳಿಗೆ ತೆರಳುವ ಕುಟುಂಬಗಳು ಅನೇಕವಾಗಿದ್ದರೂ, ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಯೂ ವಿಮಾನ ನಿಲ್ದಾಣವಿಲ್ಲದಿರುವುದರಿಂದ, ದುಬೈ ಎಷ್ಟು ದೂರವೆಂಬ ಪ್ರಶ್ನೆಗೆ ಆಕಾಶಮಾರ್ಗದ ಅಂಕೆಯೊಂದೇ ಸಮರ್ಪಕವಾದ ಉತ್ತರವಾಗಲಾರದು. 1951ರಲ್ಲಿ ಉದ್ಘಾಟಿತವಾದ ಮಂಗಳೂರಿನ ಬಜಪೆ ನಿಲ್ದಾಣದಿಂದ ದುಬೈಗೆ ಋಜುರೇಖೆಯಲ್ಲಿ 2,400 ಕಿಲೋಮೀಟರಿಗೂ ಮಿಕ್ಕ ಅಂತರ. ವಿಮಾನವು ಅದನ್ನು ನಾಲ್ಕು ಗಂಟೆಗಳ ಆಸುಪಾಸಿನಲ್ಲಿ ಕ್ರಮಿಸುವುದು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಪ್ರಯಾಣವು ಇನ್ನೂ ಹ್ರಸ್ವವಾಗಿ ತೋರುವುದು. ಆದರೆ ಹೊನ್ನಾವರದಿಂದ ಬಜಪೆಯವರೆಗಿನ ಸುಮಾರು 180 ಕಿಲೋಮೀಟರಿನ ಹಾದಿಯೂ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿಗಳನ್ನು ದಾಟುತ್ತ, ಬಹುಮಟ್ಟಿಗೆ ಅಷ್ಟೇ ಕಾಲವನ್ನು ಬೇಡುತ್ತದೆ. ಆಷಾಢದ ಮಳೆಯಲ್ಲಿ ಗುಡ್ಡ ಕುಸಿದರಂತೂ ಎಷ್ಟು ಹೊತ್ತಾದೀತೆಂದು ಹೇಳಬಲ್ಲವರಿಲ್ಲ. ಇದೇ ಹೊನ್ನಾವರದ ಶರಾವತಿ ನದಿಯ ಅಳಿವೆಗೆ ಹಿಂದೆ ಕಾಳುಮೆಣಸನ್ನರಸಿ ಅರಬ್ ನಾವಿಕರು ಮಾರುತಗಳ ದಿಕ್ಕನ್ನು ಕಾದು ಬರುತ್ತಿದ್ದರು. ಅಂದು ಕಡಲೇ ನೇರ ಹಾದಿಯಾಗಿತ್ತು. ಇಂದು ಪಶ್ಚಿಮಕ್ಕೆ ಹೋಗಬೇಕಾದವನು ಮೊದಲು ಹಲವು ಗಂಟೆ ದಕ್ಷಿಣಕ್ಕೆ ಸಾಗಬೇಕು. ಶಿಶುವನ್ನೆತ್ತಿಕೊಂಡ ತಾಯಂದಿರೂ ವೃದ್ಧರೂ ಸಹಿಸುವ ಈ ನೆಲದ ದೂರವನ್ನು ಗಣಿಸದ ಪ್ರಯಾಣಕಾಲವು ಅಪೂರ್ಣವೇ ಸರಿ. ಆದುದರಿಂದ ಸಮೀಪದ ಅಂಕೋಲೆಯ ಅಲಗೇರಿಯಲ್ಲಿ ಉದ್ದೇಶಿತವಾಗಿರುವ ನಾಗರಿಕ ವಿಮಾನ ನಿಲ್ದಾಣವನ್ನು, ನೆಲ ಕಳೆದುಕೊಳ್ಳುವವರಿಗೆ ಮೊದಲು ನ್ಯಾಯವನ್ನೊದಗಿಸಿ, ಸರ್ಕಾರವು ಶೀಘ್ರವಾಗಿ ಪೂರೈಸಬೇಕು.