ಶಾಂತಿವಚನ

ನಾವು ಉಪಾಧ್ಯಾಯವೃತ್ತಿಯಲ್ಲಿದ್ದಾಗ, ತರಗತಿಯಲ್ಲಿ ಇಬ್ಬರು ಹುಡುಗರು ಹೊಡೆದಾಡಿದರೆ, ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಂದೇ ಬೆಂಚಿನ ಮೇಲೆ ನಿಲ್ಲಿಸಿ "ಇಬ್ಬರೂ ಸುಮ್ಮನಿರಿ" ಎಂದು ಗದರಿಸುತ್ತಿದ್ದೆವು. ವಿಚಾರಣೆಯ ಶ್ರಮ ತಪ್ಪುತ್ತಿದ್ದಿತು, ತರಗತಿಯೂ ನಿಶ್ಶಬ್ದವಾಗುತ್ತಿದ್ದಿತು. ಇದನ್ನೇ ಬಹುಕಾಲ ಸಮದೃಷ್ಟಿಯೆಂದು ಭಾವಿಸಿದ್ದೆವು. ಅಮೆರಿಕಾದ ಎಂಟು ಮಂದಿ ಧರ್ಮಗುರುಗಳು 1963ರಲ್ಲಿ ಹೊರಡಿಸಿದ ಹೇಳಿಕೆಯ ವೃತ್ತಾಂತವನ್ನು ಈಚೆಗೆ ಓದುವಾಗ ಆ ಬೆಂಚು ನಮ್ಮ ಕಣ್ಣಮುಂದೆ ಬಂದಿತು.

ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಕಪ್ಪುಜನರಿಗೆ ಬಿಳಿಯರ ಸಾಲಿನಲ್ಲಿ ಕುಳಿತು ಉಣ್ಣುವ ಅಧಿಕಾರವಿರಲಿಲ್ಲ. ಪಂಕ್ತಿಭೇದವನ್ನು ಕಂಡ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಅನ್ಯಾಯವನ್ನು ಪ್ರತಿಭಟಿಸುತ್ತಿದ್ದ ಪಾದ್ರಿ ಫ್ರೆಡ್ ಶಟಲ್ಸ್‌ವರ್ತರ ಮನೆಯನ್ನು 1956ರ ಕ್ರಿಸ್‌ಮಸ್ ರಾತ್ರಿ ದ್ವೇಷಿಗಳು ಬಾಂಬಿಟ್ಟು ಹಾಳುಗೆಡವಿದರು. ಒಳಗೆ ಮಲಗಿದ್ದ ಪಾದ್ರಿಗಳು ಬದುಕಿ ಉಳಿದುದೇ ಆಶ್ಚರ್ಯ. ಮರುದಿನವೇ ಅವರು ತಮ್ಮವರನ್ನು ಕರೆದುಕೊಂಡು ಬಸ್ಸುಗಳಲ್ಲಿ ಬಿಳಿಯರ ಆಸನಗಳ ಮೇಲೆ ಕುಳ್ಳಿರಲು ಹೊರಟರು!

1963ರ ಏಪ್ರಿಲಿನಲ್ಲಿ ಪಾದ್ರಿ ಮಾರ್ಟಿನ್ ಲೂಥರ್ ಕಿಂಗರು ಇವರೊಡಗೂಡಿ ಅಹಿಂಸಾತ್ಮಕವಾದ ಚಳವಳಿಯನ್ನು ನಡೆಸಿ, 12ನೆಯ ತಾರೀಖು, ಗುಡ್ ಫ್ರೈಡೆಯಂದು ಸೆರೆಯಾದರು. ಅದೇ ತಾರೀಖಿನ ಹೇಳಿಕೆಯಲ್ಲಿ ಎಂಟು ಮಂದಿ ಬಿಳಿಯ ಧರ್ಮಗುರುಗಳು (ಏಳು ಮಂದಿ ಕ್ರೈಸ್ತರು, ಒಬ್ಬರು ಯೆಹೂದ್ಯರು) ಈ ಚಳವಳಿಯು ಅವಿವೇಕವೂ ಅಕಾಲಿಕವೂ ಆದುದೆಂದರು. ದ್ವೇಷವನ್ನು ಕೆರಳಿಸುವ ಕಾರ್ಯವು ಶಾಂತರೂಪದ್ದಾದರೂ ಪ್ರಯೋಜನವಿಲ್ಲವೆಂದರು. ಪೋಲೀಸರ ಸಂಯಮವನ್ನು ಕೊಂಡಾಡಿದರು. ಬಾಂಬುಗಳ ವಿಷಯವಾಗಿ ಅದರಲ್ಲಿ ಒಂದಕ್ಷರವೂ ಇಲ್ಲ.

ಇವರು ದುಷ್ಟರಾಗಿದ್ದರೆ ನಾವು ಈ ಪ್ರಸ್ತಾಪವನ್ನೇ ಎತ್ತುತ್ತಿರಲಿಲ್ಲ. ವರ್ಣಭೇದವು ಎಂದೆಂದಿಗೂ ನಿಲ್ಲತಕ್ಕದ್ದೆಂದು ಗವರ್ನರ್ ವ್ಯಾಲೇಸನು ಆ ಜನವರಿಯಲ್ಲಿ ಸಾರಿದಾಗ, ನ್ಯಾಯಾಲಯದ ತೀರ್ಪುಗಳನ್ನು ಪಾಲಿಸಬೇಕೆಂದು ಬಹಿರಂಗವಾಗಿ ಬರೆದವರಲ್ಲಿ ಈ ಎಂಟು ಮಂದಿಯೂ ಇದ್ದರು. ಇವರಲ್ಲೊಬ್ಬರಾದ ಅರ್ಲ್ ಸ್ಟಾಲಿಂಗ್ಸರು ಹೇಳಿಕೆಯಾದ ಎರಡೇ ದಿನಗಳಲ್ಲಿ, ಈಸ್ಟರ್ ಭಾನುವಾರ, ತಮ್ಮ ದೇವಾಲಯಕ್ಕೆ ಬಂದ ಕಪ್ಪುಜನರನ್ನು ಬಿಳಿಯರ ನಡುವೆಯೇ ಕುಳ್ಳಿರಿಸಿದರು. ಕಿಂಗರು ಸೆರೆಮನೆಯಲ್ಲಿ ವೃತ್ತಪತ್ರಿಕೆಯ ಅಂಚುಗಳ ಮೇಲೆ ಬರೆಯಲಾರಂಭಿಸಿದ ಉತ್ತರದಲ್ಲಿ ಈ ಕಾರ್ಯವನ್ನು ಹೆಸರು ಹೇಳಿ ಪ್ರಶಂಸಿಸಿದ್ದಾರೆ. ಆದರೆ ಆ ಪತ್ರದ ಕಟುವಾದ ದುಃಖವೆಲ್ಲ ಕೊಲೆಗಡುಕರ ಮೇಲಲ್ಲ. ನ್ಯಾಯಕ್ಕಿಂತ ನೆಮ್ಮದಿಯನ್ನು ಹೆಚ್ಚೆಂದೆಣಿಸುವ ಸಜ್ಜನರ ಮೇಲೆ.

ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ, ಅದೇ ಪಟ್ಟಣದ ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಬಾಂಬು ಸಿಡಿದು ನಾಲ್ಕು ಹೆಣ್ಣುಮಕ್ಕಳು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಅಂದಿನ ಭಾನುವಾರದ ಪಾಠವು ಕ್ಷಮಿಸುವ ಪ್ರೇಮವನ್ನು ಕುರಿತದ್ದು. ಅಪರಾಧಿಗಳಲ್ಲಿ ಮೊದಲನೆಯವನಿಗೆ ಶಿಕ್ಷೆಯಾದುದು 1977ರಲ್ಲಿ!

ಮೂವರು ಮಕ್ಕಳ ಅಂತ್ಯವಿಧಿಯು 18ರಂದು ನಡೆಯಿತು. ನಗರಾಧಿಕಾರಿಗಳಲ್ಲಿ ಒಬ್ಬರೂ ಬರಲಿಲ್ಲ. ಎರಡು ವರ್ಣಗಳ ಪಾದ್ರಿಗಳೂ ನೂರಾರು ಮಂದಿ ನೆರೆದಿದ್ದರು. ಮೌನವಾಗಿದ್ದ ಪಾದ್ರಿಗಳಿಗೂ ಈ ಮಕ್ಕಳ ಸಾವಿನಲ್ಲಿ ಒಂದು ಮಾತುಂಟೆಂದು ಕಿಂಗರು ಅವರೆದುರಿಗೇ ಹೇಳಿದರು.