ಕೆರೆಗೆ ಬೆನ್ನು ಹಾಕಿ ನಿಂತವರು

ಒಂದು ದಿನದ ಮಟ್ಟಿಗೆ ಧಾರವಾಡಕ್ಕೆ ಬರುವ ಸಾಹಿತ್ಯಾಸಕ್ತರ ಪಟ್ಟಿ ಈಗ ಬಹುತೇಕ ಒಂದೇ. ಬೆಳಿಗ್ಗೆ ಬೇಂದ್ರೆ ಭವನ, ಮಲ್ಲಿಕಾರ್ಜುನ ಮನಸೂರರ ಮನೆ, ಮನೋಹರ ಗ್ರಂಥಮಾಲೆಯ ಅಟ್ಟ. ನಡುವೆ ಫೇಡೆ. ಸಂಜೆ ಸಾಧನಕೇರಿಯ ಉದ್ಯಾನ, ದೋಣಿ, ಕೆರೆಗೆ ಬೆನ್ನು ಹಾಕಿ ಒಂದು ಸೆಲ್ಫಿ. ಬೆಳಗಿನದು ಸಂಸ್ಕೃತಿ, ಸಂಜೆಯದು ವಿಹಾರ. ಈ ವಿಂಗಡಣೆಯ ಮೇಲೆಯೇ ನನ್ನ ತಕರಾರು.

ನಾನು ಇಲ್ಲಿ ಸಂಶೋಧನಾ ವಿದ್ಯಾರ್ಥಿ. ಹೊರಗಿನಿಂದ ಬರುವ ಗೆಳೆಯರಿಗೆ ಊರು ತೋರಿಸುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಬೇಂದ್ರೆಯವರು ಎಲ್ಲಿ ಕೂತು ಬರೆಯುತ್ತಿದ್ದರು ಎಂದು ಕೇಳುತ್ತಾರೆ, ದೋಣಿ ಎಷ್ಟೊತ್ತಿನವರೆಗೆ ಎಂದು ಕೇಳುತ್ತಾರೆ. ಈ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಧಾರವಾಡ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಏರಿನ ಮೇಲಿನ ಊರು. ಇಲ್ಲಿಯ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು ಬೇಡ್ತಿಯ ಜೊತೆ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ಮಲಪ್ರಭೆಗೆ, ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡೂ ಕಡೆ ಜಾರಿಹೋಗುವ ನೀರನ್ನು ತಡೆದು ನಿಲ್ಲಿಸದಿದ್ದರೆ ಊರೇ ಇರುತ್ತಿರಲಿಲ್ಲ. ಸಾಧನಕೇರಿ, ಕೆಲಗೇರಿ, ನುಗ್ಗಿಕೇರಿಗಳಲ್ಲಿ ನಿಂತದ್ದು ಆ ನೀರು. ಕೆರೆ ಇಲ್ಲಿ ಚಂದಕ್ಕಾಗಿ ಇದ್ದದ್ದಲ್ಲ, ಬದುಕಿಗಾಗಿ ಇದ್ದದ್ದು.

ಮುಂದೆ ಸವದತ್ತಿಯ ಕಡೆಯಿಂದ, ನವಿಲುತೀರ್ಥದ ಅಣೆಕಟ್ಟಿನ ಮಲಪ್ರಭೆ ಕೊಳವೆಯಲ್ಲಿ ಬಂದಳು. ಅದು ಬೇಕಾಗಿಯೇ ಇತ್ತು. ಆದರೆ ನಲ್ಲಿಗೆ ನೀರು ಬಂದ ದಿನದಿಂದ ಕೆರೆಗೆ ಕೆಲಸ ಇಲ್ಲದಂತಾಯಿತು. ಕೆಲಸವಿಲ್ಲದ ಕೆರೆಗೆ ನಮ್ಮ ಊರುಗಳಲ್ಲಿ ಉಳಿಯುವುದು ಎರಡೇ ಗತಿ: ಇಲ್ಲ ಚರಂಡಿ, ಇಲ್ಲ ಉದ್ಯಾನ. ಎಷ್ಟೋ ಕಡೆ ಎರಡೂ ಒಟ್ಟಿಗೇ ಆಗುತ್ತವೆ. ದಂಡೆಗೆ ಬಣ್ಣದ ಹಾಸುಗಲ್ಲು, ಒಡಲಿಗೆ ಕೊಳಚೆ.

ವಿಹಾರ ಬೇಡ ಎನ್ನುತ್ತಿಲ್ಲ. ಬಾಡಿಗೆ ಕೋಣೆಯ ಹುಡುಗರಿಗೆ, ಮನೆಗೆಲಸ ಮುಗಿಸಿ ಬರುವ ಹೆಂಗಸರಿಗೆ, ಸಣ್ಣ ಮಕ್ಕಳಿಗೆ ಖರ್ಚಿಲ್ಲದೆ ಗಾಳಿ ಸಿಗುವ ಜಾಗ ಎಷ್ಟಿವೆ? ನನ್ನ ಜಗಳ ನಡೆದಾಡುವವರ ಜೊತೆ ಅಲ್ಲ. ಕೆರೆಯ ಅಭಿವೃದ್ಧಿ ಎಂದರೆ ದಂಡೆಯ ಅಭಿವೃದ್ಧಿ ಎಂದು ತಿಳಿದವರ ಜೊತೆ. ದೀಪ, ಬೇಲಿ, ಕಾರಂಜಿ ಉದ್ಘಾಟನೆಗೆ ಸಿಗುತ್ತವೆ. ನೀರು ಹರಿದುಬರುವ ಹಳ್ಳದ ಒತ್ತುವರಿ ತೆರವುಗೊಳಿಸಿದರೆ ಕತ್ತರಿಸಲು ರಿಬ್ಬನ್ ಇರುವುದಿಲ್ಲ.

ಅವರಿಗಿಂತ ದೊಡ್ಡ ಜಗಳ ನಮ್ಮ ಸಾಹಿತ್ಯದವರ ಜೊತೆಗಿದೆ. ಬೇಂದ್ರೆಯವರ ಶ್ರಾವಣದ ಮೇಲೆ, ಸಾಧನಕೇರಿಗೆ ಕರೆದ ಅವರ ಕವನದ ಮೇಲೆ ವಿಚಾರ ಸಂಕಿರಣಗಳು ನಡೆಯುತ್ತವೆ. 'ಸಾಧನ' ಪದಕ್ಕೆ ಅಧ್ಯಾತ್ಮದ ಅರ್ಥ ಹಚ್ಚಿ ಪುಟಗಟ್ಟಲೆ ಬರೆಯುತ್ತಾರೆ. 'ಕೇರಿ' ಮಾತ್ರ ಯಾರಿಗೂ ಬೇಡ. ನೀರನ್ನು ರೂಪಕ ಮಾಡಿಬಿಟ್ಟರೆ ಅದು ನಾರುವುದಿಲ್ಲ, ಬತ್ತುವುದಿಲ್ಲ, ಯಾರ ಕಚೇರಿಗೂ ಅರ್ಜಿ ಹಿಡಿದು ಹೋಗಬೇಕಾಗಿಲ್ಲ. ಕೆರೆಯ ದಂಡೆಯಲ್ಲಿ ಬಾಳಿದ ಕವಿಗೆ ಮಳೆ ಹಿಡಿದರೆ ನೀರು ಏರುವುದು, ಕಪ್ಪೆ ಕೂಗುವುದು, ಕೆಸರು, ಸೊಳ್ಳೆ ಎಲ್ಲವೂ ದಿನದ ಸಂಗತಿ. ಆ ದಿನಚರಿಯನ್ನು ತೆಗೆದುಹಾಕಿ ಕವಿತೆಯನ್ನಷ್ಟೇ ಕಾಪಾಡುತ್ತೇವೆ ಎನ್ನುವುದು ಬೇರು ಕಡಿದು ಹೂವಿಗೆ ನೀರು ಚಿಮುಕಿಸಿದ ಹಾಗೆ.

1890ರಲ್ಲಿ ಈ ಊರಿನ ಜನ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಭಾಷೆಯನ್ನು ಉಳಿಸಿಕೊಳ್ಳಲು ಅದರ ಬಗ್ಗೆ ಭಾವುಕರಾದರೆ ಸಾಲದು, ಸಂಸ್ಥೆ ಬೇಕು, ಲೆಕ್ಕಪತ್ರ ಬೇಕು, ವರ್ಷಗಟ್ಟಲೆ ದುಡಿಯುವ ಜನ ಬೇಕು ಎಂದು ಅವರಿಗೆ ಗೊತ್ತಿತ್ತು. ಆ ಬುದ್ಧಿ ಕೆರೆಯ ವಿಷಯದಲ್ಲಿ ಎಲ್ಲಿ ಹೋಯಿತು?

ಧಾರವಾಡಕ್ಕೆ ಬನ್ನಿ. ದೋಣಿಯಲ್ಲೂ ಕೂರಿ. ಆದರೆ ಇಳಿದ ಮೇಲೆ ಏರಿಯ ಮೇಲೆ ನಡೆದು, ನೀರು ಒಳಗೆ ಬರುವ ಕಡೆ ಒಮ್ಮೆ ಹೋಗಿ ನಿಲ್ಲಿ. ಅಲ್ಲಿ ಏನು ಹರಿಯುತ್ತಿದೆ ನೋಡಿ, ವಾಸನೆ ಹಿಡಿಯಿರಿ. ಫೋಟೊ ತೆಗೆಯುವುದಿದ್ದರೆ ಅದರದ್ದು ತೆಗೆಯಿರಿ.